ರೀಫ್ ಟ್ಯಾಂಕ್‌ನಲ್ಲಿ ನೈಟ್ರೇಟ್ 50ರಿಂದ ಕೆಳಗಿಳಿಯುತ್ತಿಲ್ಲ: ವಿನೆಗರ್ ಹಾಕಬೇಕೆ, ಬೇರೆ ದಾರಿ ಇದೆಯೆ?

ಹವಳದಂಗಳ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಹವಳ ಮತ್ತು ಮೀನು ಸಾಕುವ ನನ್ನ ಉಪ್ಪುನೀರಿನ ಟ್ಯಾಂಕ್ (ರೀಫ್ ಟ್ಯಾಂಕ್) ಮತ್ತು ಅದರ ಕೆಳಗೆ ಫಿಲ್ಟರ್‌ಗಳನ್ನಿಡುವ ಸಣ್ಣ ತೊಟ್ಟಿ, ಅಂದರೆ ಸಂಪ್, ಎರಡರಲ್ಲೂ ಸೇರಿ ಸುಮಾರು 200 ಲೀಟರ್ ನೀರಿದೆ. ಎರಡು ಕ್ಲೌನ್, ಒಂದು ರಾಯಲ್ ಗ್ರಾಮಾ, ಒಂದು ಫೈರ್‌ಫಿಶ್ ಮತ್ತು ಒಂದು ಗೋಬಿ ಇವೆ. ಹವಳಗಳಲ್ಲಿ ಲೆದರ್, ಜೋವಾ ಮತ್ತು ಮಶ್ರೂಮ್ ಎಂಬ ಮೆದು ಬಗೆಗಳು ಮಾತ್ರ. ಕಲ್ಲುಗಳೆಲ್ಲ ಒಣಗಿದ ಸ್ಥಿತಿಯಲ್ಲಿ ಕೊಂಡವು. ನೊರೆ ಎಬ್ಬಿಸಿ ಕೊಳೆ ಹೊರಹಾಕುವ ಸ್ಕಿಮ್ಮರ್ ಇದೆ, ಕಸ ಸೋಸುವ ಬಟ್ಟೆ ಚೀಲ (ಫಿಲ್ಟರ್ ಸಾಕ್) ಇದೆ, ಫಾಸ್ಫೇಟ್ ತೆಗೆಯಲು ಜಿಎಫ್‌ಒ ಎಂಬ ಕಬ್ಬಿಣದ ಹರಳುಗಳ ರಿಯಾಕ್ಟರ್ ಕೂಡ ನಿರಂತರವಾಗಿ ನಡೆಯುತ್ತಿದೆ. ದಿನಕ್ಕೆ ಹೆಚ್ಚು ಕಡಿಮೆ ಒಂದು ಗ್ರಾಂ ಪೆಲೆಟ್ ಹಾಕುತ್ತೇನೆ. ವಾರಕ್ಕೊಮ್ಮೆ ಹತ್ತನೇ ಒಂದು ಭಾಗ ನೀರನ್ನು ತಪ್ಪದೆ ಬದಲಾಯಿಸುತ್ತೇನೆ, ಅದಕ್ಕೆ ಅಡುಗೆಮನೆಯ ಆರ್‌ಒ ನೀರನ್ನೇ ಬಳಸುತ್ತೇನೆ.

ಇಷ್ಟಾದರೂ ಆಹಾರ ಮತ್ತು ಮಲ ಕೊಳೆತು ಉಂಟಾಗುವ ನೈಟ್ರೇಟ್ 50 ಪಿಪಿಎಂ (ಲೀಟರಿಗೆ ಸುಮಾರು 50 ಮಿಲಿಗ್ರಾಂ) ಆಸುಪಾಸಿನಲ್ಲೇ ನಿಂತಿದೆ. ಫಾಸ್ಫೇಟ್ ಅಳೆದರೆ ಸೊನ್ನೆ ಬರುತ್ತಿದೆ, ಆಲ್ಕಲಿನಿಟಿ, ಅಂದರೆ ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ, ಡಿಕೆಎಚ್ ಅಳತೆಯಲ್ಲಿ 7. ಲೆದರ್ ಹವಳ ಹಲವು ದಿನಗಳಿಂದ ತನ್ನ ಪುಟ್ಟ ಹೂವಿನಂತಹ ಪಾಲಿಪ್‌ಗಳನ್ನು ಬಿಚ್ಚದೆ ಮೇಣ ಮೆತ್ತಿದಂತೆ ಹೊಳೆಯುತ್ತಿದೆ, ಜೋವಾಗಳ ಬಣ್ಣ ಮಾಸುತ್ತಿದೆ. ವಿನೆಗರ್ ಡೋಸಿಂಗ್ ಆರಂಭಿಸಿ ಎಂದು ಅಂಗಡಿಯವರೊಬ್ಬರು ಹೇಳಿದರು. ಅದಕ್ಕೆ ಕೈಹಾಕುವ ಮುನ್ನ ಇಲ್ಲಿರುವ ಅನುಭವಿಗಳ ಅಭಿಪ್ರಾಯ ತಿಳಿಯಬೇಕೆಂದು ಬರೆಯುತ್ತಿದ್ದೇನೆ.

ಉಪ್ಪುನೀರು, ಮೈಸೂರು

ಹವಳದಂಗಳ ಅವರೇ, ಇಷ್ಟು ವಿವರವಾಗಿ ಬರೆದದ್ದು ಒಳ್ಳೆಯದಾಯಿತು. ಯಾವ ಔಷಧಿಯನ್ನೂ ಆರಂಭಿಸುವ ಮುನ್ನ ದಯವಿಟ್ಟು ಎರಡು ಪರೀಕ್ಷೆ ಮಾಡಿ.

ಮೊದಲನೆಯದು ನೀವು ನೀರು ಅಳೆಯುವ ಕಿಟ್‌ನ ಪರೀಕ್ಷೆ. ನಾವು ಬಳಸುವ ಬಹುತೇಕ ಕಿಟ್‌ಗಳು ನೈಟ್ರೇಟನ್ನು ಮೊದಲು ನೈಟ್ರೈಟ್ ಆಗಿ ಪರಿವರ್ತಿಸಿ, ಆ ನೈಟ್ರೈಟಿಗೆ ಬರುವ ಬಣ್ಣವನ್ನು ತೋರಿಸುತ್ತವೆ. ಆದ್ದರಿಂದ ಟ್ಯಾಂಕ್‌ನಲ್ಲಿ ಈಗಾಗಲೇ ನೈಟ್ರೈಟ್ ಇದ್ದರೆ ಓದು ಸುಳ್ಳಾಗಿ ಮೇಲಕ್ಕೆ ಹೋಗುತ್ತದೆ. ನೈಟ್ರೈಟನ್ನು ಬೇರೆಯಾಗಿ ಅಳೆದು ಸೊನ್ನೆ ಎಂದು ಖಚಿತಪಡಿಸಿಕೊಳ್ಳಿ. ನಿಮ್ಮದು ಎಪಿಐ ಕಂಪನಿಯ ಕಿಟ್ ಆಗಿದ್ದರೆ ಎರಡನೇ ಬಾಟಲಿಯನ್ನು 30 ಸೆಕೆಂಡ್ ಜೋರಾಗಿ ಕುಲುಕಬೇಕು, ಹನಿ ಹಾಕಿದ ಮೇಲೆ ಟ್ಯೂಬನ್ನು ಒಂದು ನಿಮಿಷ ಕುಲುಕಿ ಐದು ನಿಮಿಷ ಕಾಯಬೇಕು. ತಳದಲ್ಲಿ ಕೂರುವ ಪುಡಿ ಸರಿಯಾಗಿ ಬೆರೆಯದಿದ್ದರೆ ಓದು ಕಡಿಮೆ ಬರುತ್ತದೆ. 50ರ ಮೇಲಿನ ಕೆಂಪು ಛಾಯೆಗಳನ್ನು ಕಣ್ಣಿನಿಂದ ಬೇರ್ಪಡಿಸುವುದು ಕಷ್ಟ. ಹಾಗಾಗಿ ಒಂದು ಪಾಲು ಟ್ಯಾಂಕ್ ನೀರಿಗೆ ನಾಲ್ಕು ಪಾಲು ನೈಟ್ರೇಟ್ ಇಲ್ಲದ ನೀರು ಬೆರೆಸಿ, ಬಂದ ಅಂಕಿಯನ್ನು ಐದರಿಂದ ಗುಣಿಸಿ.

ಕಿಟ್‌ನ ಮೇಲೆಯೇ ಅನುಮಾನವಿದ್ದರೆ ಮಾದರಿ ದ್ರಾವಣವನ್ನು ಮನೆಯಲ್ಲೇ ತಯಾರಿಸಬಹುದು. ಶುದ್ಧ ಪೊಟ್ಯಾಸಿಯಂ ನೈಟ್ರೇಟ್ 1.63 ಗ್ರಾಂ ತೂಗಿ ಒಂದು ಲೀಟರ್ ಡಿಸ್ಟಿಲ್ಡ್ ವಾಟರ್‌ನಲ್ಲಿ ಕರಗಿಸಿದರೆ 1000 ಪಿಪಿಎಂ ನೈಟ್ರೇಟ್ ಆಗುತ್ತದೆ. ಅದರ 10 ಮಿಲಿಲೀಟರನ್ನು ಹೊಸದಾಗಿ ಬೆರೆಸಿದ ಉಪ್ಪುನೀರಿಗೆ ಹಾಕಿ ಒಂದು ಲೀಟರ್ ಮಾಡಿದರೆ 10 ಪಿಪಿಎಂ. ಈ ನೀರಿಗೆ ನಿಮ್ಮ ಕಿಟ್ ಏನು ಹೇಳುತ್ತದೆ ಎಂಬುದರಿಂದ ಅದರ ಯೋಗ್ಯತೆ ತಿಳಿಯುತ್ತದೆ. ಕೆಲವು ಉಪಕರಣಗಳು ನೈಟ್ರೇಟ್ ಬದಲು ಅದರೊಳಗಿನ ಸಾರಜನಕವನ್ನಷ್ಟೇ ತೋರಿಸುತ್ತವೆ. ಅಂತಹ ಅಂಕಿಯನ್ನು 4.43ರಿಂದ ಗುಣಿಸಿದ ಮೇಲಷ್ಟೇ ನಾವು ಮಾತನಾಡುವ ನೈಟ್ರೇಟ್ ಸಿಗುತ್ತದೆ.

ಎರಡನೆಯದು ನಿಮ್ಮ ಆರ್‌ಒ ನೀರಿನ ಪರೀಕ್ಷೆ. ಅದನ್ನು ಇದುವರೆಗೆ ಅಳೆದಿದ್ದೀರಾ? ಮನೆಗೆ ಬರುವುದು ಕಾವೇರಿಯೋ, ಬೋರ್‌ವೆಲ್ಲೋ?

ಹವಳದಂಗಳ, ಬೆಂಗಳೂರು

ಸರ್, ಅಪಾರ್ಟ್‌ಮೆಂಟಿಗೆ ಬೋರ್‌ವೆಲ್ ನೀರು ಬರುತ್ತದೆ, ಬೇಸಿಗೆಯಲ್ಲಿ ಟ್ಯಾಂಕರ್. ನೀವು ಹೇಳಿದಂತೆ ದ್ರಾವಣ ಮಾಡಿ ನೋಡಿದೆ, ಕಿಟ್ ಸರಿಯಾಗಿಯೇ ಇದೆ. ನೈಟ್ರೈಟ್ ಇಲ್ಲ. ಟ್ಯಾಂಕ್ ನೀರನ್ನು ಬೆರೆಸಿ ಅಳೆದಾಗಲೂ 50ರಷ್ಟೇ ಬಂದಿತು. ಆದರೆ ಆರ್‌ಒ ನೀರಿನ ಟಿಡಿಎಸ್ (ಕರಗಿದ ಲವಣಗಳ ಒಟ್ಟು ಪ್ರಮಾಣ) 70 ಇದೆ, ಅದರಲ್ಲಿ ನೈಟ್ರೇಟ್ ಸುಮಾರು 15 ತೋರಿಸುತ್ತಿದೆ. ಮೆಂಬ್ರೇನ್ ಬದಲಾಯಿಸಿ ಹೆಚ್ಚು ಕಾಲವಾಗಿಲ್ಲ.

ಉಪ್ಪುನೀರು, ಮೈಸೂರು

ಮೆಂಬ್ರೇನ್ ಕೆಟ್ಟಿರಬೇಕೆಂದಿಲ್ಲ. ಕುಡಿಯುವ ನೀರಿನ ಯಂತ್ರಗಳ ಹೆಚ್ಚಿನ ಮಾದರಿಗಳಲ್ಲಿ ರುಚಿಗಾಗಿ ಟಿಡಿಎಸ್ ಹೊಂದಿಸುವ ಒಂದು ತಿರುಪು ಇರುತ್ತದೆ. ಅದು ಮೆಂಬ್ರೇನ್ ಹಾದುಬಾರದ ನೀರನ್ನು ಸ್ವಲ್ಪ ಪ್ರಮಾಣದಲ್ಲಿ ಮತ್ತೆ ಶುದ್ಧ ನೀರಿಗೆ ಬೆರೆಸುತ್ತದೆ. ಕುಡಿಯುವವರಿಗೆ ಅದರಿಂದ ತೊಂದರೆಯಿಲ್ಲದಿರಬಹುದು, ಹವಳಕ್ಕೆ ಇದೆ. ಮೇಲಾಗಿ ಆರ್‌ಒ ಮೆಂಬ್ರೇನ್ ಸುಣ್ಣದಂತಹ ಗಡಸು ಲವಣಗಳನ್ನು ತಡೆದಷ್ಟು ಸಮರ್ಥವಾಗಿ ನೈಟ್ರೇಟನ್ನು ತಡೆಯುವುದಿಲ್ಲ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಮಾನದಂಡ ಹೇಳುತ್ತದೆ. ಅಂತರ್ಜಲದಲ್ಲಿ ಈ ಮಿತಿ ಬಹಳ ಕಡೆ ಮೀರಿರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಗೊಬ್ಬರ ಮತ್ತು ಒಳಚರಂಡಿ ಎರಡೂ ನಮ್ಮ ಬೋರ್‌ವೆಲ್ಲುಗಳನ್ನು ಮುಟ್ಟಿವೆ. ಹೀಗಾಗಿ ಇಲ್ಲಿನ ರೀಫ್ ಟ್ಯಾಂಕಿಗೆ ಆರ್‌ಒ ಸಾಲದು, ಅದರ ನಂತರ, ಉಳಿದ ಲವಣಗಳನ್ನು ಹಿಡಿಯುವ ಡಿಐ ರೆಸಿನ್ ಬೇಕೇ ಬೇಕು. ಟಿಡಿಎಸ್ ಮೀಟರ್ ಸೊನ್ನೆ ತೋರಿಸುವವರೆಗೆ ಆ ನೀರಿಗೆ ಉಪ್ಪು ಬೆರೆಸಬೇಡಿ.

ಲೆಕ್ಕದಮೀನು, ಹುಬ್ಬಳ್ಳಿ

ಈಗ ಅಂಕಿಗಳು ಸಿಕ್ಕಿರುವುದರಿಂದ ಲೆಕ್ಕ ಹಾಕಬಹುದು. ನೈಟ್ರೇಟ್ ಎಂಬುದು ಮನೆಯ ಜಮಾಖರ್ಚಿನಂತೆ: ಒಳಗೆ ಬಂದದ್ದು ಹೊರಗೆ ಹೋಗದಿದ್ದರೆ ಉಳಿದೇ ಇರುತ್ತದೆ, ಬಾಟಲಿ ಯಾವುದನ್ನೇ ಹಾಕಿದರೂ ಈ ಲೆಕ್ಕ ತಪ್ಪುವುದಿಲ್ಲ.

ಮೊದಲು ಆಹಾರ. ಪೆಲೆಟ್ ಡಬ್ಬಿಯ ಮೇಲೆ ಪ್ರೋಟೀನ್ 45 ಶೇಕಡಾ ಎಂದಿದ್ದರೆ, ಪ್ರೋಟೀನಿನ ಸುಮಾರು 16 ಶೇಕಡಾ ಸಾರಜನಕವಾದ್ದರಿಂದ, ಒಂದು ಗ್ರಾಂ ಆಹಾರದಲ್ಲಿ 72 ಮಿಲಿಗ್ರಾಂ ಸಾರಜನಕ ಇರುತ್ತದೆ. ಅದನ್ನು 4.43ರಿಂದ ಗುಣಿಸಿದರೆ ಸುಮಾರು 320 ಮಿಲಿಗ್ರಾಂ ನೈಟ್ರೇಟ್. 200 ಲೀಟರಿನಲ್ಲಿ ಇದು 1.6 ಪಿಪಿಎಂ. ವಾರಕ್ಕೆ ಏಳು ಗ್ರಾಂ ಎಂದರೆ 11 ಪಿಪಿಎಂ ಮೀರುತ್ತದೆ. ಇದು ಗರಿಷ್ಠ ಮಿತಿ. ಮೀನಿನ ಬೆಳವಣಿಗೆ, ಸ್ಕಿಮ್ಮರ್, ಪಾಚಿ, ಕಲ್ಲಿನೊಳಗಿನ ಬ್ಯಾಕ್ಟೀರಿಯಾ ಇವೆಲ್ಲ ತಮ್ಮ ಪಾಲು ತೆಗೆದುಕೊಂಡ ಮೇಲೆ ಉಳಿಯುವುದು ಕಡಿಮೆ. ಮೂರನೇ ಒಂದು ಭಾಗ, ಅಂದರೆ ವಾರಕ್ಕೆ 3.7 ಪಿಪಿಎಂ ಉಳಿಯುತ್ತದೆ ಎಂದಿಟ್ಟುಕೊಳ್ಳೋಣ.

ಈಗ ನೀರು ಬದಲಾವಣೆ. ಹೊಸ ನೀರಿನಲ್ಲೇ 15 ಇರುವಾಗ ಹತ್ತನೇ ಒಂದು ಭಾಗ ಬದಲಾಯಿಸಿದರೆ, 50ರಿಂದ ಐದು ಕಡಿಮೆಯಾಗುವ ಬದಲು ಕೇವಲ ಮೂರೂವರೆ ಕಡಿಮೆಯಾಗುತ್ತದೆ. ಒಳಬರುವುದೂ ಹೊರಹೋಗುವುದೂ ಸಮವಾಗುವ ಹಂತವನ್ನು ಹೀಗೆ ಕಾಣಬಹುದು: ವಾರದ ಏರಿಕೆಯನ್ನು ಬದಲಾಯಿಸುವ ಭಾಗದಿಂದ ಭಾಗಿಸಿ, ಅದಕ್ಕೆ ಹೊಸ ನೀರಿನ ನೈಟ್ರೇಟ್ ಕೂಡಿಸಿ. 3.7ನ್ನು 0.1ರಿಂದ ಭಾಗಿಸಿದರೆ 37, ಅದಕ್ಕೆ 15 ಸೇರಿಸಿದರೆ 52. ನಿಮ್ಮ ಕಿಟ್ ತೋರಿಸುತ್ತಿರುವುದು ಬಹುತೇಕ ಇದನ್ನೇ. ಅಂದರೆ ನೀವು ಇದೇ ಕ್ರಮವನ್ನು ವರ್ಷಗಟ್ಟಲೆ ಮುಂದುವರಿಸಿದರೂ ಅಂಕಿ ಅಲ್ಲಿಂದ ಕದಲುವುದಿಲ್ಲ.

ಹೊಸ ನೀರನ್ನು ಸೊನ್ನೆ ಮಾಡಿದರೆ ಅದು ನಿಧಾನವಾಗಿ 37ಕ್ಕೆ ಇಳಿಯುತ್ತದೆ. ಆಹಾರವನ್ನೂ ಅರ್ಧ ಮಾಡಿದರೆ 18ರ ಹತ್ತಿರ ಬರುತ್ತದೆ. ಅದರ ಮೇಲೆ ಐದನೇ ಒಂದು ಭಾಗ ನೀರು ಬದಲಾಯಿಸಿದರೆ ಒಂಬತ್ತಕ್ಕೆ ಬರುತ್ತದೆ. ಐದು ಸಣ್ಣ ಮೀನುಗಳಿಗೆ ದಿನಕ್ಕೆ ಒಂದು ಗ್ರಾಂ ಒಣ ಆಹಾರ ಹೆಚ್ಚೇ ಆಯಿತು ಎಂಬುದು ನನ್ನ ಅಭಿಪ್ರಾಯ. ಫಿಲ್ಟರ್ ಸಾಕನ್ನು ಎಷ್ಟು ದಿನಕ್ಕೊಮ್ಮೆ ಬದಲಾಯಿಸುತ್ತೀರಿ? ಅದರಲ್ಲಿ ಸಿಕ್ಕಿಕೊಂಡ ಆಹಾರ ಮತ್ತು ಮಲ ಅಲ್ಲೇ ಕೊಳೆತರೆ ಅದು ಸಾಕಿನಲ್ಲಿದ್ದರೂ ಒಂದೇ, ಟ್ಯಾಂಕ್‌ನಲ್ಲಿದ್ದರೂ ಒಂದೇ. ಮೂರು ದಿನಕ್ಕೊಮ್ಮೆ ತೆಗೆದು ತೊಳೆಯಿರಿ.

ಕಡಲಕರೆ, ಮಂಗಳೂರು

ಈ ಚರ್ಚೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ನಮ್ಮ ಊರಿನಲ್ಲಿ ಕೆಲವರು ಸಮುದ್ರದ ನೀರನ್ನೇ ತಂದು ಬಳಸುತ್ತಾರೆ. ಹವಳದ ದಿಬ್ಬಗಳ ಸುತ್ತಲಿನ ನೀರಿನಲ್ಲಿ ನೈಟ್ರೇಟ್ ಬಹಳ ಕಡಿಮೆ ಎಂದು ಓದಿದ್ದೇನೆ. ಹಾಗಾದರೆ ಆರ್‌ಒ, ಡಿಐ, ಉಪ್ಪಿನ ಖರ್ಚು ಎಲ್ಲ ಉಳಿಯುವುದಿಲ್ಲವೇ?

ಉಪ್ಪುನೀರು, ಮೈಸೂರು

ಹವಳದ ದಿಬ್ಬಗಳ ನೀರು ಬೇರೆ, ನಮ್ಮ ಕರಾವಳಿಯ ದಡದ ನೀರು ಬೇರೆ. ಮಳೆಗಾಲದಲ್ಲಿ ನೇತ್ರಾವತಿ ಮತ್ತು ಗುರುಪುರ ನದಿಗಳು ತುಂಬಿ ಹರಿಯುವಾಗ ದಡದ ನೀರಿನ ಲವಣಾಂಶ ಕುಸಿಯುತ್ತದೆ, ಊರಿನ ಕೊಳೆಯೂ ಜೊತೆಗೆ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಕರಾವಳಿಯಲ್ಲಿ ತಳದ ತಂಪು ನೀರು ಮೇಲೇಳುತ್ತದೆ. ಅದರಲ್ಲಿ ನೈಟ್ರೇಟ್, ಫಾಸ್ಫೇಟ್ ಎರಡೂ ಹೆಚ್ಚು. ಮೀನುಗಾರಿಕೆಗೆ ಅದೇ ವರ, ನಮ್ಮ ಟ್ಯಾಂಕಿಗಲ್ಲ. ಬೇಸಿಗೆಯಲ್ಲಿ ದೋಣಿಯಲ್ಲಿ ಹೊರಗೆ ಹೋಗಿ ತರುವವರು ಅಳೆದು, ಸೋಸಿ ಬಳಸಬಹುದು.

ಇದೇ ಸಂದರ್ಭದಲ್ಲಿ ಇನ್ನೊಂದು ಮಾತು. ನೇತ್ರಾಣಿಯಿಂದಾಗಲಿ, ಮನ್ನಾರ್ ಕೊಲ್ಲಿಯಿಂದಾಗಲಿ ತೆಗೆದ ಕಲ್ಲು ಅಥವಾ ಹವಳವನ್ನು ಯಾರಾದರೂ ಅಗ್ಗವಾಗಿ ಕೊಡುತ್ತೇನೆಂದರೆ ದಯವಿಟ್ಟು ಕೊಳ್ಳಬೇಡಿ. ಗಟ್ಟಿ ಹವಳಗಳೆಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿವೆ. ನಾವು ಪ್ರೀತಿಸುವ ಜೀವಿಗಳ ಮನೆಯನ್ನೇ ಕಿತ್ತು ತಂದು ನಮ್ಮ ಮನೆಯಲ್ಲಿ ಸಾಕುವುದು ಯಾವ ಬಗೆಯ ಹವ್ಯಾಸ? ಹವಳದಂಗಳ ಅವರು ಒಣ ಕಲ್ಲು ಬಳಸಿರುವುದು ಸರಿಯಾದ ಆಯ್ಕೆ. ಅದರ ಒಂದು ಪರಿಣಾಮವನ್ನು ಮಾತ್ರ ತಿಳಿದಿರಬೇಕು: ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಕೆಲವೇ ವಾರಗಳಲ್ಲಿ ನೆಲೆಗೊಳ್ಳುತ್ತವೆ, ಆದರೆ ಕಲ್ಲಿನ ಒಳರಂಧ್ರಗಳಲ್ಲಿ ಆಮ್ಲಜನಕವಿಲ್ಲದ ಜಾಗದಲ್ಲಿ ನೈಟ್ರೇಟನ್ನು ಸಾರಜನಕ ಅನಿಲವಾಗಿಸುವ ಬ್ಯಾಕ್ಟೀರಿಯಾ ಸಾಕಷ್ಟು ಬೆಳೆಯಲು ಹಲವು ತಿಂಗಳು ಬೇಕು.

ಆಕ್ರೋಪೊರಾಂಗಣ, ಕ್ಯಾಲಿಫೋರ್ನಿಯಾ

ತಡವಾಗಿ ಬಂದದ್ದಕ್ಕೆ ಕ್ಷಮೆಯಿರಲಿ. ಎಲ್ಲರೂ ನೈಟ್ರೇಟ್ ಬಗ್ಗೆ ಬರೆದಿದ್ದೀರಿ. ನನಗೆ ಆತಂಕವಾಗುತ್ತಿರುವುದು ಆ ಫಾಸ್ಫೇಟ್ ಸೊನ್ನೆಯ ಬಗ್ಗೆ.

ಹವಳದೊಳಗೆ ಬದುಕಿ ಅದಕ್ಕೆ ಆಹಾರ ಕೊಡುವ ಪಾಚಿಗೆ ಸಾರಜನಕ ಮತ್ತು (ಫಾಸ್ಫೇಟ್‌ನಿಂದ ಸಿಗುವ) ರಂಜಕ ಎರಡೂ ಬೇಕು. ನೈಟ್ರೇಟ್ ಯಥೇಚ್ಛವಾಗಿದ್ದು ಫಾಸ್ಫೇಟ್ ಇಲ್ಲದಿದ್ದರೆ ಪಾಚಿ ಬೆಳೆಯಲು ಹೊರಟು ರಂಜಕದ ಕೊರತೆಯಿಂದ ದುರ್ಬಲವಾಗುತ್ತದೆ, ಬೆಳಕು ಮತ್ತು ಬಿಸಿಯನ್ನು ತಾಳಿಕೊಳ್ಳುವ ಶಕ್ತಿ ಕುಗ್ಗುತ್ತದೆ. ಇಂತಹ ಸ್ಥಿತಿಯಲ್ಲಿ ಹವಳಗಳು ಬೇಗ ಬಿಳಿಚಿಕೊಳ್ಳುತ್ತವೆ ಎಂಬುದನ್ನು ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದ್ದಾರೆ. 50 ಪಿಪಿಎಂ ನೈಟ್ರೇಟ್ ಒಂದರಿಂದಲೇ ಲೆದರ್ ಮತ್ತು ಜೋವಾ ಹೀಗೆ ಸೊರಗುವುದು ಅಪರೂಪ. ಫಾಸ್ಫೇಟ್ ಸೊನ್ನೆಯೊಂದಿಗೆ ಸೇರಿದಾಗ ಮಾತ್ರ ನೀವು ವರ್ಣಿಸಿದ ಚಿತ್ರ ಅರ್ಥವಾಗುತ್ತದೆ. ಲೆದರ್ ಹವಳ ಆಗಾಗ ಮೇಣದಂತಹ ಪೊರೆ ಬಿಡುವುದು ಸಹಜ, ಆದರೆ ಅದು ಕೆಲವು ದಿನಗಳಲ್ಲಿ ಕಳಚಿಹೋಗಬೇಕು.

ನೈಟ್ರೇಟ್ ಇಳಿಯದಿರುವುದಕ್ಕೂ ಇದೇ ಕಾರಣವಿರಬಹುದು. ಪಾಚಿಯಾಗಲಿ ಬ್ಯಾಕ್ಟೀರಿಯಾ ಆಗಲಿ ಸಾರಜನಕವನ್ನು ತಮ್ಮ ಮೈಗೆ ಸೇರಿಸಿಕೊಳ್ಳಬೇಕಾದರೆ ರಂಜಕ ಬೇಕು. ಸಮುದ್ರದ ಸೂಕ್ಷ್ಮ ಪಾಚಿಗಳಲ್ಲಿ ಇಂಗಾಲ, ಸಾರಜನಕ, ರಂಜಕದ ಪರಮಾಣುಗಳು 106, 16, 1ರ ಅನುಪಾತದಲ್ಲಿರುತ್ತವೆ ಎಂದು ಸಮುದ್ರವಿಜ್ಞಾನಿ ರೆಡ್‌ಫೀಲ್ಡ್ ಗುರುತಿಸಿದ್ದು ಇದಕ್ಕಾಗಿಯೇ ನೆನಪಿಡಬೇಕಾದ ಸಂಗತಿ. ಆ ಅನುಪಾತವನ್ನು ತೂಕಕ್ಕೆ ಪರಿವರ್ತಿಸಿದರೆ ಒಂದು ಪಿಪಿಎಂ ಫಾಸ್ಫೇಟಿಗೆ ಸುಮಾರು ಹತ್ತು ಪಿಪಿಎಂ ನೈಟ್ರೇಟ್. ಜಿಎಫ್‌ಒ ಅಷ್ಟೂ ಫಾಸ್ಫೇಟನ್ನು ಹಿಡಿದಿಟ್ಟರೆ ಉಳಿದ ಜೀವಿಗಳೆಲ್ಲ ಕೈಕಟ್ಟಿ ಕೂರಬೇಕಾಗುತ್ತದೆ. ಹೀಗಿರುವಾಗ ವಿನೆಗರ್ ಹಾಕಿದರೆ ನೈಟ್ರೇಟ್ ಇಳಿಯುವ ಬದಲು ನೀರು ಮಬ್ಬಾಗುವ ಸಾಧ್ಯತೆಯೇ ಹೆಚ್ಚು.

ಆದ್ದರಿಂದ ನನ್ನ ಸಲಹೆ ಸ್ಪಷ್ಟವಾಗಿದೆ: ಇಂದೇ ಜಿಎಫ್‌ಒ ನಿಲ್ಲಿಸಿ. ಫಾಸ್ಫೇಟ್ 0.03ರಿಂದ 0.1 ಪಿಪಿಎಂ ನಡುವೆ ನಿಲ್ಲುವವರೆಗೆ ಬೇರೇನನ್ನೂ ಆರಂಭಿಸಬೇಡಿ. ನೀರಿನ ಮೂಲ ಸರಿಪಡಿಸುವ ಕೆಲಸ ಜೊತೆಜೊತೆಗೇ ನಡೆಯಲಿ.

ಲೆಕ್ಕದಮೀನು, ಹುಬ್ಬಳ್ಳಿ

ಒಪ್ಪುತ್ತೇನೆ. ನಾನು ಆಹಾರವನ್ನು ಅರ್ಧ ಮಾಡಿ ಎಂದದ್ದನ್ನೂ ಇದರ ಬೆಳಕಿನಲ್ಲಿ ತಿದ್ದಿಕೊಳ್ಳಬೇಕು, ಏಕೆಂದರೆ ಫಾಸ್ಫೇಟ್ ಬರುವುದೂ ಆಹಾರದಿಂದಲೇ. ಫಾಸ್ಫೇಟ್ ಸ್ಥಿರವಾಗುವವರೆಗೆ ಆಹಾರವನ್ನು ತಗ್ಗಿಸದಿರುವುದು ಒಳ್ಳೆಯದು.

ಹವಳದಂಗಳ, ಬೆಂಗಳೂರು

ನೀವೆಲ್ಲರೂ ಇಷ್ಟು ಶ್ರದ್ಧೆಯಿಂದ ಬರೆದದ್ದಕ್ಕೆ ಋಣಿಯಾಗಿದ್ದೇನೆ. ಜಿಎಫ್‌ಒ ತೆಗೆದಿದ್ದೇನೆ, ಡಿಐ ಕಾರ್ಟ್ರಿಜ್ ಜೋಡಿಸಿದ್ದೇನೆ, ಯಂತ್ರದ ತಿರುಪನ್ನು ಪೂರ್ತಿ ಮುಚ್ಚಿಸಿದ್ದೇನೆ. ಈಗ ಟಿಡಿಎಸ್ ಸೊನ್ನೆ. ಫಾಸ್ಫೇಟ್ ನಿಂತ ಮೇಲೆ ಮುಂದಿನ ಹೆಜ್ಜೆಯಾಗಿ ವಿನೆಗರ್ ಉತ್ತಮವೋ, ಸಂಪ್‌ನಲ್ಲಿ ಕೀಟೋ ಎಂಬ ಹಸಿರು ಸಮುದ್ರ ಪಾಚಿ ಬೆಳೆಸುವುದು ಉತ್ತಮವೋ? ಸಂಪ್‌ನ ನಡುವಿನ ಖಾನೆ ಖಾಲಿಯಿದೆ.

ಆಕ್ರೋಪೊರಾಂಗಣ, ಕ್ಯಾಲಿಫೋರ್ನಿಯಾ

ನಾನು ಆಕ್ರೋಪೊರಾ ಎಂಬ ಗಟ್ಟಿ ಹವಳ ಸಾಕುವವನು, ವಿನೆಗರ್‌ನಂತಹ ಇಂಗಾಲದ ಮೂಲವನ್ನು ನೀರಿಗೆ ಹಾಕುವ ಕಾರ್ಬನ್ ಡೋಸಿಂಗ್ ನನಗೆ ಒಗ್ಗಿದೆ. ವಿನೆಗರ್‌ನ ಇಂಗಾಲವನ್ನು ತಿಂದು ಬ್ಯಾಕ್ಟೀರಿಯಾ ಬೆಳೆಯುತ್ತವೆ, ಬೆಳೆಯುವಾಗ ನೈಟ್ರೇಟ್ ಮತ್ತು ಫಾಸ್ಫೇಟನ್ನು ಎಳೆದುಕೊಳ್ಳುತ್ತವೆ, ಅವುಗಳನ್ನು ಸ್ಕಿಮ್ಮರ್ ಹೊರಹಾಕುತ್ತದೆ. ಒಂದಷ್ಟು ನೈಟ್ರೇಟ್ ಕಲ್ಲಿನೊಳಗೆ ಅನಿಲವಾಗಿಯೂ ಹೋಗುತ್ತದೆ. ಬಣ್ಣ ಬೆರೆಸದ, 5 ಶೇಕಡಾ ಅಸಿಟಿಕ್ ಆಮ್ಲವಿರುವ ಬಿಳಿ ವಿನೆಗರ್ ಮಾತ್ರ ಬಳಸಬೇಕು. 200 ಲೀಟರಿಗೆ ದಿನಕ್ಕೆ ಒಂದೂವರೆ ಮಿಲಿಲೀಟರಿನಿಂದ ಆರಂಭಿಸಿ, ವಾರಕ್ಕೊಮ್ಮೆ ಅಷ್ಟಷ್ಟೇ ಏರಿಸುತ್ತ ಹೋಗಿ, ನೈಟ್ರೇಟ್ ಇಳಿಯತೊಡಗಿದ ಕೂಡಲೇ ಏರಿಸುವುದನ್ನು ನಿಲ್ಲಿಸಬೇಕು. ಬೆಳಿಗ್ಗೆ ದೀಪ ಹೊತ್ತಿದ ಮೇಲೆ ಹಾಕಬೇಕು, ರಾತ್ರಿ ಬೇಡ. ಹೀಗೆ ನಡೆಸಿದರೆ ಇದರಷ್ಟು ಹಿಡಿತ ಕೊಡುವ ವಿಧಾನ ಬೇರೊಂದಿಲ್ಲ.

ಉಪ್ಪುನೀರು, ಮೈಸೂರು

ನಾನು ಇಲ್ಲಿ ಭಿನ್ನಮತ ದಾಖಲಿಸುತ್ತೇನೆ. ಆ ಬ್ಯಾಕ್ಟೀರಿಯಾಗಳು ಆಮ್ಲಜನಕವನ್ನೂ ಅಷ್ಟೇ ವೇಗವಾಗಿ ಬಳಸುತ್ತವೆ. ಕ್ಯಾಲಿಫೋರ್ನಿಯಾದ ಮನೆಯಲ್ಲಿ ಸ್ಕಿಮ್ಮರ್ ನಿಲ್ಲುವುದು ಅಪರೂಪ ಇರಬಹುದು. ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ ಗಂಟೆಗಟ್ಟಲೆ ಕರೆಂಟ್ ಹೋದರೆ, ಬಿಸಿಯಾದ ನೀರಿನಲ್ಲಿ ಮೊದಲೇ ಕಡಿಮೆಯಿರುವ ಆಮ್ಲಜನಕವನ್ನು ಹೆಚ್ಚಿದ ಬ್ಯಾಕ್ಟೀರಿಯಾಗಳು ತಿಂದು ಮುಗಿಸಿದರೆ, ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆಯುವುದನ್ನು ನಾವು ನೋಡಬೇಕಾಗುತ್ತದೆ. ಬ್ಯಾಟರಿಯಲ್ಲಿ ನಡೆಯುವ ಏರ್ ಪಂಪ್ ಇಲ್ಲದ ಮನೆಯಲ್ಲಿ ವಿನೆಗರ್ ಬಾಟಲಿ ತೆರೆಯಬಾರದು ಎಂಬುದು ನನ್ನ ದೃಢ ನಿಲುವು.

ಕೀಟೋ ಪಾಚಿಗೆ ಬೇಕಾದುದು ಒಂದು ಖಾನೆ, ಒಂದು ದೀಪ, ಮಂದವಾದ ನೀರಿನ ಹರಿವು. ಟ್ಯಾಂಕ್‌ನ ದೀಪ ಆರಿದ ಮೇಲೆ ಸಂಪ್‌ನ ದೀಪ ಹೊತ್ತಿಸಿದರೆ ರಾತ್ರಿಯಿಡೀ ಅದು ಆಮ್ಲಜನಕ ಕೊಡುತ್ತದೆ, ಪಿಎಚ್ ಕುಸಿಯುವುದೂ ತಗ್ಗುತ್ತದೆ. ಸಮುದ್ರದ ದೊಡ್ಡ ಪಾಚಿಗಳಲ್ಲಿ ಸಾರಜನಕ ಮತ್ತು ರಂಜಕದ ಅನುಪಾತ ಸರಾಸರಿ 30ಕ್ಕೆ 1 ಇರುವುದರಿಂದ, ನೈಟ್ರೇಟ್ ಹೆಚ್ಚಿ ಫಾಸ್ಫೇಟ್ ಕಡಿಮೆಯಿರುವ ಈ ಟ್ಯಾಂಕಿಗೆ ಅದು ಇನ್ನೂ ಹೊಂದುತ್ತದೆ. ಪಾಚಿಯ ಉಂಡೆ ಕೈಯಲ್ಲಿ ಹಿಡಿದರೆ ಗರಿಗರಿಯಾಗಿ, ಕಡು ಹಸಿರಾಗಿರಬೇಕು. ಮೆತ್ತಗಾಗಿ ಬಿಳಿಚಿದರೆ ಅದಕ್ಕೆ ಆಹಾರ ಅಥವಾ ಬೆಳಕು ಸಾಲುತ್ತಿಲ್ಲವೆಂದು ತಿಳಿಯಬೇಕು. ಉಂಡೆ ಖಾನೆ ತುಂಬಿದಾಗ ಮೂರನೇ ಒಂದು ಭಾಗ ಕಿತ್ತು ಹೊರಹಾಕಿ. ನೈಟ್ರೇಟ್ ಮನೆಯಿಂದ ಹೊರಡುವುದು ಆ ಕ್ಷಣದಲ್ಲಿ; ಕೀಳದೆ ಬಿಟ್ಟ ಪಾಚಿ ಒಳಭಾಗದಲ್ಲಿ ಕೊಳೆತು ಎಲ್ಲವನ್ನೂ ಮರಳಿಸುತ್ತದೆ.

ಆಕ್ರೋಪೊರಾಂಗಣ, ಕ್ಯಾಲಿಫೋರ್ನಿಯಾ

ಕರೆಂಟಿನ ವಿಷಯವನ್ನು ನಾನು ಪರಿಗಣಿಸಿರಲಿಲ್ಲ. ಮೆದು ಹವಳಗಳಿರುವ ಈ ಟ್ಯಾಂಕಿಗೆ ಕೀಟೋ ಸಾಕು ಎಂಬುದನ್ನು ಒಪ್ಪುತ್ತೇನೆ. ಆದರೆ ಗಟ್ಟಿ ಹವಳಗಳ ದೊಡ್ಡ ಟ್ಯಾಂಕ್‌ಗಳಲ್ಲಿ, ಬ್ಯಾಕಪ್ ಇದ್ದಾಗ, ಕಾರ್ಬನ್ ಡೋಸಿಂಗನ್ನು ಭಯದಿಂದ ತಳ್ಳಿಹಾಕಬಾರದು.

ಹೊಸಅಲೆ, ಶಿವಮೊಗ್ಗ

ಅಡ್ಡ ಪ್ರಶ್ನೆಗೆ ಕ್ಷಮಿಸಿ. ನೈಟ್ರೇಟ್ ಹೀರುವ ರೆಸಿನ್ ಪೊಟ್ಟಣಗಳು ಸಿಗುತ್ತವೆಯಲ್ಲ, ಅವನ್ನು ಸಂಪ್‌ನಲ್ಲಿಟ್ಟರೆ ಆಗುವುದಿಲ್ಲವೇ? ಇಳಿಸುವುದಾದರೆ ಸೊನ್ನೆಯವರೆಗೆ ಇಳಿಸಿದರೆ ಇನ್ನೂ ಒಳ್ಳೆಯದಲ್ಲವೇ?

ಲೆಕ್ಕದಮೀನು, ಹುಬ್ಬಳ್ಳಿ

ಆ ರೆಸಿನ್‌ಗಳು ಸಿಹಿನೀರಿಗೆ ಮಾತ್ರ. ಸಮುದ್ರದ ನೀರಿನಲ್ಲಿ ಕ್ಲೋರೈಡ್ ಸುಮಾರು 19,000 ಪಿಪಿಎಂ ಇರುತ್ತದೆ; ಅಷ್ಟು ಕ್ಲೋರೈಡ್‌ನ ನಡುವೆ 50 ಪಿಪಿಎಂ ನೈಟ್ರೇಟಿಗೆ ರೆಸಿನ್‌ನಲ್ಲಿ ಜಾಗವೇ ಸಿಗುವುದಿಲ್ಲ. ಸೊನ್ನೆಯಂತೂ ಖಂಡಿತ ಬೇಡ. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಯಾದ ಟ್ಯಾಂಕ್‌ಗಳಲ್ಲಿ ಡೈನೋಫ್ಲಾಜಲೇಟ್ ಎಂಬ ಕಂದು ಲೋಳೆ ಮರಳನ್ನೂ ಹವಳವನ್ನೂ ಆವರಿಸುತ್ತದೆ, ಅದನ್ನು ಹೋಗಲಾಡಿಸುವುದು ನೈಟ್ರೇಟ್ ಇಳಿಸುವುದಕ್ಕಿಂತ ಬಹಳ ಕಷ್ಟ. ಮೆದು ಹವಳಗಳಿಗೆ 5ರಿಂದ 20, ಗಟ್ಟಿ ಹವಳಗಳಿಗೆ 2ರಿಂದ 10 ಇದ್ದರೆ ನೆಮ್ಮದಿಯಾಗಿರಿ. ಇಳಿಸುವಾಗಲೂ ನಿಧಾನವಾಗಿ ಇಳಿಸಿ. 50ಕ್ಕೆ ಹೊಂದಿಕೊಂಡಿರುವ ಹವಳವನ್ನು ಒಂದೇ ವಾರದಲ್ಲಿ ಐದಕ್ಕೆ ತಂದರೆ ಅದಕ್ಕೆ ಆಘಾತವಾಗುತ್ತದೆ.

ಹವಳದಂಗಳ, ಬೆಂಗಳೂರು

ಕೆಲವು ತಿಂಗಳುಗಳ ಬಳಿಕ ಬರೆಯುತ್ತಿದ್ದೇನೆ. ಫಾಸ್ಫೇಟ್ 0.05ರಲ್ಲಿ ನಿಂತ ಮೇಲೆ ಕೀಟೋ ಹಾಕಿದೆ. ವಾರಕ್ಕೆ ಐದನೇ ಒಂದು ಭಾಗ ನೀರು ಬದಲಾಯಿಸುತ್ತಿದ್ದೇನೆ, ಸಾಕನ್ನು ಸಮಯಕ್ಕೆ ತೊಳೆಯುತ್ತಿದ್ದೇನೆ, ಆಹಾರವನ್ನು ಈಚೆಗೆ ಸ್ವಲ್ಪ ತಗ್ಗಿಸಿದ್ದೇನೆ. ನೈಟ್ರೇಟ್ ಈಗ 12. ಲೆದರ್ ಹವಳದ ಪೊರೆ ಅಂಚಿನಿಂದ ಸುಲಿದು ಹರಿವಿನಲ್ಲಿ ಹೊರಟುಹೋಯಿತು, ಅದರಡಿಯಿಂದ ಎಳೆ ಕಂದು ಬಣ್ಣದ ಪಾಲಿಪ್‌ಗಳು ಉದ್ದಕ್ಕೆ ಚಾಚಿಕೊಂಡಿವೆ. ವಿನೆಗರ್ ತರಲೇ ಇಲ್ಲ.

ಒಂದು ಹೊಸ ಪ್ರಶ್ನೆ ಎದ್ದಿದೆ. ಆಲ್ಕಲಿನಿಟಿ 7ರಲ್ಲಿ ನಿಲ್ಲಿಸಲು ಪ್ರತಿದಿನ ಬಫರ್ ಹಾಕುತ್ತಿದ್ದೆ. ಅದೇ ಪ್ರಮಾಣ ಮುಂದುವರಿಸಿದರೂ ಈಗ 8.5ಕ್ಕೆ ಏರಿದೆ. ಇದು ಕಿಟ್‌ನ ದೋಷವೇ?

ಲೆಕ್ಕದಮೀನು, ಹುಬ್ಬಳ್ಳಿ

ಬಹಳ ಸಂತೋಷವಾಯಿತು. ಕಿಟ್‌ನ ದೋಷವಾಗಿರಲಾರದು. ಆಹಾರದ ಸಾರಜನಕ ನೈಟ್ರೇಟ್ ಆಗಿ ಸಂಗ್ರಹವಾಗುವಾಗ ಆಮ್ಲ ಹುಟ್ಟಿ ಆಲ್ಕಲಿನಿಟಿ ಕರಗುತ್ತದೆ. 50 ಪಿಪಿಎಂ ನೈಟ್ರೇಟ್ ಕೂಡಿಬರಲು ಸುಮಾರು 2.3 ಡಿಕೆಎಚ್ ಖರ್ಚಾಗುತ್ತದೆ. ಪಾಚಿ ಅದೇ ನೈಟ್ರೇಟನ್ನು ಹೀರಿದಾಗ, ಅಥವಾ ಕಲ್ಲಿನೊಳಗೆ ಅದು ಅನಿಲವಾದಾಗ, ಅಷ್ಟೂ ಮರಳಿ ಬರುತ್ತದೆ. ನೀರು ಬದಲಾಯಿಸಿ ತೆಗೆದ ನೈಟ್ರೇಟಿಗೆ ಮಾತ್ರ ಈ ಲಾಭವಿಲ್ಲ. ಮೆದು ಹವಳಗಳು ಆಲ್ಕಲಿನಿಟಿಯನ್ನು ಹೆಚ್ಚು ಬಳಸುವುದಿಲ್ಲವಾದ್ದರಿಂದ ಹಿಂದೆ ನೀವು ಹಾಕುತ್ತಿದ್ದ ಬಫರ್‌ನ ಒಂದು ಪಾಲು ಈ ನಷ್ಟವನ್ನು ತುಂಬುತ್ತಿತ್ತು. ಬಫರನ್ನು ಅರ್ಧಕ್ಕೆ ಇಳಿಸಿ, ಮೂರು ದಿನ ಒಂದೇ ಹೊತ್ತಿನಲ್ಲಿ ಅಳೆಯಿರಿ. ಆಗಲೂ ಏರುತ್ತಿದ್ದರೆ ಪೂರ್ತಿ ನಿಲ್ಲಿಸಿ, ವಾರದ ಹೊಸ ನೀರಿನ ಉಪ್ಪಿನಲ್ಲಿರುವುದೇ ಸಾಕಾಗಬಹುದು.